ಕಡಲ ತಳದ ಕಿರ್ದಿ

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಗೆ ಪ್ರಕೃತಿಯಲ್ಲಿ ಉದಾಹರಣೆಗಳು ಹೇರಳವಾಗಿವೆ. ಅವುಗಳಲ್ಲಿ ಜನಸಾಮಾನ್ಯರ ಗಮನಕ್ಕೆ ಅಷ್ಟಾಗಿ ಬಾರದ ಒಂದು, ಸಾಗರದ ನೀರಿನಲ್ಲಿ ತೇಲುತ್ತ ಬಾಳಿ, ಸತ್ತು ತಳಕ್ಕಿಳಿದು, ಕಾಲಾಂತರದಲ್ಲಿ ಕಲ್ಲಿನೊಳಗೆ ಉಳಿದುಹೋದ ಸೂಕ್ಷ್ಮಜೀವಿಗಳ ಸಮೂಹ. ಸಾಸಿವೆ ಕಾಳಿನ ಪಕ್ಕದಲ್ಲಿಟ್ಟರೆ ಇವುಗಳಲ್ಲಿ ದೊಡ್ಡವು ಕೂಡ ಚುಕ್ಕೆಯಂತೆ ಕಾಣುತ್ತವೆ. ಆದರೆ ಒಂದು ಬಂಡೆಯ ವಯಸ್ಸೆಷ್ಟು, ಅದು ಹುಟ್ಟಿದಾಗ ಅಲ್ಲಿ ಕಡಲಿತ್ತೆ, ಇದ್ದರೆ ಅದರ ಆಳವೆಷ್ಟು, ನೀರು ತಣ್ಣಗಿತ್ತೆ ಬೆಚ್ಚಗಿತ್ತೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದಾಗ ಭೂವಿಜ್ಞಾನಿಗಳು ಮೊರೆಹೋಗುವುದು ಈ ಚುಕ್ಕೆಗಳನ್ನೇ.

1974ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಸುಮಾರು 160 ಕಿಲೋಮೀಟರು ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಲ್ಲಿ, ‘ಸಾಗರ ಸಮ್ರಾಟ್’ ಎಂಬ ಕೊರೆಯುವ ನೌಕೆ ತೈಲವನ್ನು ಕಂಡಿತು. ‘ಬಾಂಬೆ ಹೈ’ ಎಂದು ಆಗ ಹೆಸರಾದ, ಇಂದು ‘ಮುಂಬಯಿ ಹೈ’ ಎನಿಸಿಕೊಂಡಿರುವ ಆ ಕ್ಷೇತ್ರದ ತೈಲ ಮುಖ್ಯವಾಗಿ ದೊರೆತದ್ದು ಮಯೊಸೀನ್ ಯುಗದ ಸುಣ್ಣಕಲ್ಲಿನಲ್ಲಿ. ಮಯೊಸೀನ್ ಎಂದರೆ ಇಂದಿಗೆ 2.3 ಕೋಟಿ ವರ್ಷಗಳ ಹಿಂದಿನಿಂದ 53 ಲಕ್ಷ ವರ್ಷಗಳ ಹಿಂದಿನವರೆಗಿನ ಕಾಲ. ಕಡಲಿನ ತಳದಿಂದ ಸಾವಿರಾರು ಅಡಿ ಕೆಳಗೆ, ಯಾರ ಕಣ್ಣಿಗೂ ಬೀಳದ ಕಲ್ಲಿನ ಯುಗವನ್ನು ನಿರ್ಣಯಿಸುವುದು ಹೇಗೆ? ಅಲ್ಲಿ ಶಿಲಾಶಾಸನವಿಲ್ಲ, ನಾಣ್ಯವಿಲ್ಲ. ಕೊರೆಯುವ ಯಂತ್ರದೊಡನೆ ಮೇಲೆ ಬರುವ ಕಲ್ಲಿನ ಚೂರುಗಳಷ್ಟೇ ಇವೆ. ಆ ಚೂರುಗಳೊಳಗಿನ ಸೂಕ್ಷ್ಮ ಚಿಪ್ಪುಗಳೇ ಆ ಆಳದ ದಿನಚರಿ.

ಈ ಜೀವಿಗಳು ಯಾವುವು?

ನೀರಿನ ಓಟಕ್ಕೆ ಒಡ್ಡಿಕೊಂಡು ತೇಲುತ್ತ ಅಲೆಯುವ ಜೀವಿಗಳಿಗೆ ‘ಪ್ಲವಕ’ಗಳೆಂದು ಹೆಸರು. ಇವುಗಳಲ್ಲಿ ಬಹುಪಾಲು ಮೆತ್ತನೆಯ ದೇಹದವು. ಸತ್ತೊಡನೆ ಕರಗಿ ಕುರುಹಿಲ್ಲದಂತಾಗುತ್ತವೆ. ಗಟ್ಟಿ ಕವಚವನ್ನು ಕಟ್ಟಿಕೊಳ್ಳುವ ಕೆಲವು ಗುಂಪುಗಳು ಮಾತ್ರ ಪಳೆಯುಳಿಕೆಗಳಾಗಿ ಉಳಿಯುತ್ತವೆ.

ಮೊದಲನೆಯದು ಫೊರಾಮಿನಿಫೆರ. ಇದು ಒಂದೇ ಜೀವಕೋಶದ ಪ್ರಾಣಿ. ಸುಣ್ಣದ ಅಂಶದಿಂದ ಕೋಣೆಯ ಮೇಲೆ ಕೋಣೆಯನ್ನು ಸುರುಳಿಯಾಗಿ ಕಟ್ಟಿಕೊಂಡು ಬೆಳೆಯುತ್ತದೆ. ತೇಲುವ ಜಾತಿಗಳ ಚಿಪ್ಪು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಬಹಳ ಚಿಕ್ಕದು. ಇದೇ ಕುಲದ ಸಾವಿರಾರು ಜಾತಿಗಳು ತೇಲದೆ ಕಡಲ ತಳದಲ್ಲಿಯೇ ಬಾಳುತ್ತವೆ, ಅವು ತಳವಾಸಿಗಳು. ಎರಡನೆಯದು ಕಾಕೊಲಿತ್‌ಗಳನ್ನು ಹೊತ್ತ ಪಾಚಿ. ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ಅಗಲವಿರುವ ಸುಣ್ಣದ ಬಿಲ್ಲೆಗಳಿಗೆ ಕಾಕೊಲಿತ್ ಎಂದು ಹೆಸರು. ಈ ಪಾಚಿ ಅವುಗಳನ್ನು ಮೈತುಂಬ ಗುರಾಣಿಗಳಂತೆ ಧರಿಸಿರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಗುಂಪುಗಳಾದ ಡಯಾಟಮ್ ಹಾಗೂ ರೇಡಿಯೋಲೇರಿಯಗಳು ಸುಣ್ಣಕ್ಕೆ ಬದಲು ಗಾಜಿನ ಮೂಲದ್ರವ್ಯವಾದ ಸಿಲಿಕಾದಿಂದ ಮನೆ ಕಟ್ಟಿಕೊಳ್ಳುತ್ತವೆ. ಡಯಾಟಮ್ ಸಸ್ಯದಂತೆ ಬಿಸಿಲನ್ನುಂಡು ಬದುಕಿದರೆ, ರೇಡಿಯೋಲೇರಿಯ ಪ್ರಾಣಿಯಂತೆ ಇತರ ಜೀವಿಗಳನ್ನು ತಿಂದು ಬದುಕುತ್ತದೆ.

ಮನುಷ್ಯನು ಈ ಚಿಪ್ಪುಗಳನ್ನು ಅರಿಯದೆಯೇ ಬಹುಕಾಲದಿಂದ ಬಳಸುತ್ತ ಬಂದಿದ್ದಾನೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಸುಣ್ಣಕಲ್ಲಿನಲ್ಲಿ ನಾಣ್ಯದಾಕಾರದ ತಳವಾಸಿ ಫೊರಾಮಿನಿಫೆರಗಳು ಕಿಕ್ಕಿರಿದಿವೆ. ಬರಿಗಣ್ಣಿಗೇ ಕಾಣುವಷ್ಟು ದೊಡ್ಡವಾದ ಇವುಗಳಿಗೆ ‘ನಮ್ಯುಲೈಟ್’ ಎಂಬ ಹೆಸರು ಬಂದದ್ದು ಚಿಕ್ಕ ನಾಣ್ಯವೆಂಬ ಅರ್ಥದ ಲ್ಯಾಟಿನ್ ಪದದಿಂದ. ಪಿರಮಿಡ್ಡು ಕಟ್ಟಿದ ಆಳುಗಳು ತಿಂದುಳಿಸಿದ ಬೇಳೆಕಾಳುಗಳು ಕಲ್ಲಾಗಿವೆ ಎಂಬ ಸ್ಥಳೀಯರ ನಂಬಿಕೆಯನ್ನು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ದಾಖಲಿಸಿದ್ದಾನೆ. ನಮ್ಮ ದೇಶದ ಕಚ್ಛ್ ಪ್ರಾಂತದಲ್ಲಿಯೂ ಮೇಘಾಲಯದ ಸುಣ್ಣಕಲ್ಲಿನಲ್ಲಿಯೂ ಈ ಕಲ್ಲುನಾಣ್ಯಗಳು ವಿಪುಲವಾಗಿವೆ.

1826ರಲ್ಲಿ ಫ್ರಾನ್ಸಿನ ಆಲ್ಸಿಡ್ ದೊರ್ಬಿನ್ಯಿ ಫೊರಾಮಿನಿಫೆರ ಎಂಬ ಹೆಸರನ್ನಿತ್ತಾಗ ಅವನ್ನು ಶಂಖ-ಕಪ್ಪೆಚಿಪ್ಪುಗಳ ದೂರದ ಬಂಧುಗಳೆಂದೇ ಭಾವಿಸಿದ್ದನು. ಅವು ಏಕಕೋಶ ಜೀವಿಗಳೆಂದು 1835ರಲ್ಲಿ ತೋರಿಸಿದವನು ಫೆಲಿಕ್ಸ್ ದ್ಯುಜಾರ್ದ್ಯಾಂ. 1868ರಲ್ಲಿ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಥಾಮಸ್ ಹಕ್ಸ್ಲಿಯು ದುಡಿಯುವ ಜನರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ವಸ್ತು ಒಂದು ತುಂಡು ಸೀಮೆಸುಣ್ಣ. ಆ ಪಟ್ಟಣದ ಅಡಿಯಲ್ಲಿರುವ ಬಿಳಿಕಲ್ಲೆಲ್ಲವೂ ಒಂದು ಕಾಲದ ಕಡಲ ತಳವೆಂದೂ, ಅದು ಇಂಥ ಸೂಕ್ಷ್ಮ ಕವಚಗಳ ರಾಶಿಯೆಂದೂ ಅವನು ಮನಗಾಣಿಸಿದನು.

ಕಾಲನಿರ್ಣಯದ ಕ್ರಮ

ಪದರ ಪದರವಾಗಿ ಶೇಖರಗೊಂಡ ಶಿಲೆಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸತು. ನೆಲ ಮಗುಚಿ ಬೀಳದಿದ್ದರೆ ಈ ನಿಯಮ ತಪ್ಪದು. ಅಂಗಡಿಯ ಕಿರ್ದಿಯಲ್ಲಿ ನಿನ್ನೆಯ ಪುಟ ಇಂದಿನ ಪುಟಕ್ಕಿಂತ ಮೊದಲು ಬರುವಂತೆ. ಆದರೆ ಒಂದೂರಿನ ಕಿರ್ದಿಯ ಯಾವ ಪುಟ ಇನ್ನೊಂದೂರಿನ ಕಿರ್ದಿಯ ಯಾವ ಪುಟಕ್ಕೆ ಸಮನೆಂದು ತಿಳಿಯಲು ಎರಡರಲ್ಲಿಯೂ ತಾರೀಖು ಇರಬೇಕು. ಶಿಲೆಯಲ್ಲಿ ಆ ತಾರೀಖಿನ ಕೆಲಸವನ್ನು ಪಳೆಯುಳಿಕೆ ಮಾಡುತ್ತದೆ.

ಎಲ್ಲ ಪಳೆಯುಳಿಕೆಗಳೂ ಇದಕ್ಕೆ ಒದಗುವುದಿಲ್ಲ. ಒಳ್ಳೆಯ ಕಾಲಸೂಚಿಗೆ ನಾಲ್ಕು ಗುಣಗಳು ಅವಶ್ಯ. ಅದು ವಿಕಾಸಪಥದಲ್ಲಿ ಬೇಗಬೇಗನೆ ರೂಪ ಬದಲಿಸಬೇಕು, ಒಂದೇ ಕಾಲದಲ್ಲಿ ಭೂಮಿಯ ಬಹುಭಾಗದಲ್ಲಿ ಹರಡಿರಬೇಕು, ಹೇರಳವಾಗಿ ದೊರೆಯಬೇಕು, ಸುಲಭವಾಗಿ ಗುರುತಿಸುವಂತಿರಬೇಕು. ಪ್ರವಾಹಗಳೊಡನೆ ತೇಲಿ ಸಾಗರದಿಂದ ಸಾಗರಕ್ಕೆ ಹೋಗುವ ಪ್ಲವಕಗಳಲ್ಲಿ ಈ ನಾಲ್ಕೂ ಗುಣಗಳು ಕೂಡಿವೆ. ಒಂದು ಡೈನೋಸಾರಿನ ಎಲುಬಿಗಾಗಿ ವರ್ಷಗಟ್ಟಲೆ ಅರಸಬೇಕಾಗಬಹುದು. ಒಂದು ಚಿಟಿಕೆ ಕಡಲ ಮಡ್ಡಿಯಲ್ಲಿ ಕಾಕೊಲಿತ್‌ಗಳು ಎಣಿಕೆ ಮೀರಿ ಸಿಗುತ್ತವೆ.

ಪ್ರಯೋಗಾಲಯದ ವಿಧಾನ ಸರಳವಾಗಿದೆ. ಜೇಡಿ ಕಲ್ಲನ್ನು ಚೂರುಮಾಡಿ, ನೀರಿನಲ್ಲಿಯೋ ಅಗತ್ಯವಿದ್ದರೆ ಸೀಮೆಎಣ್ಣೆಯಲ್ಲಿಯೋ ನೆನೆಹಾಕಿ, ಸಡಿಲಗೊಂಡ ಮೇಲೆ ಅತಿ ಸೂಕ್ಷ್ಮ ಜರಡಿಯಲ್ಲಿ ತೊಳೆಯುತ್ತಾರೆ. ಜರಡಿಯಲ್ಲಿ ಉಳಿದ ಪುಡಿಯನ್ನು ಒಣಗಿಸಿ ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದಡಿಯಲ್ಲಿ ಒದ್ದೆ ಕುಂಚದ ತುದಿಯಿಂದ ಚಿಪ್ಪುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಕಾಕೊಲಿತ್‌ಗಳಿಗಾದರೆ ಇಷ್ಟೂ ಬೇಡ. ಕಡ್ಡಿಯ ತುದಿಯಷ್ಟು ಮಡ್ಡಿಯನ್ನು ಗಾಜಿನ ಫಲಕಕ್ಕೆ ಸವರಿ ಸುಮಾರು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಸಾಕು. ವೈದ್ಯರು ಒಂದು ಹನಿ ರಕ್ತವನ್ನು ಪರೀಕ್ಷಿಸಿ ಇಡೀ ದೇಹದ ಸ್ಥಿತಿಯನ್ನು ಊಹಿಸುವುದಕ್ಕೂ ಇದಕ್ಕೂ ಹೋಲಿಕೆಯಿದೆ.

ಹೀಗೆ ಗುರುತಿಸಿದ ಜಾತಿಗಳ ಪಟ್ಟಿಯಿಂದ ವಯಸ್ಸು ಹೊರಡುವುದು ಹೇಗೆ? ಎರಡು ನಿಜ ಸಂಗತಿಗಳು ಇದನ್ನು ವಿಶದಪಡಿಸುತ್ತವೆ. ‘ಎಮಿಲಿಯಾನಿಯ ಹಕ್ಸ್ಲಿಯೈ’ ಎಂಬ ಪಾಚಿ ಇಂದಿನ ಸಾಗರಗಳಲ್ಲಿ ಸರ್ವವ್ಯಾಪಿಯಾಗಿದೆ. ಅದರ ಕಾಕೊಲಿತ್‌ಗಳು ಮೊದಲು ಕಾಣಿಸಿಕೊಂಡದ್ದು ಸುಮಾರು 2.9 ಲಕ್ಷ ವರ್ಷಗಳ ಹಿಂದೆ. ಇನ್ನೊಂದು, ‘ಗ್ಲೋಬಿಜೆರಿನಾಯ್ಡಿಸ್ ರೂಬರ್’ ಎಂಬ ಫೊರಾಮಿನಿಫೆರದ ಗುಲಾಬಿ ಬಣ್ಣದ ಬಗೆ. ಅದು ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರಗಳಿಂದ ಸುಮಾರು 1.2 ಲಕ್ಷ ವರ್ಷಗಳ ಹಿಂದೆ ಕಣ್ಮರೆಯಾಯಿತು. ಈಗ ಅರಬ್ಬೀ ಸಮುದ್ರದ ತಳದಿಂದ ತೆಗೆದ ಮಡ್ಡಿಯೊಂದರಲ್ಲಿ ಇವೆರಡೂ ಒಟ್ಟಿಗೆ ಸಿಕ್ಕವೆನ್ನೋಣ. ಮೊದಲನೆಯದು ಹುಟ್ಟಿದ ಮೇಲೆ, ಎರಡನೆಯದು ಅಳಿಯುವ ಮೊದಲು ಆ ಮಡ್ಡಿ ಕೂಡಿರಬೇಕು. ಅಂದರೆ ಅದರ ವಯಸ್ಸು 2.9 ಲಕ್ಷ ವರ್ಷಗಳಿಗೂ 1.2 ಲಕ್ಷ ವರ್ಷಗಳಿಗೂ ನಡುವೆ ಇದೆ. ಒಂದೊಂದೇ ಜಾತಿ ಇಷ್ಟು ಬಿಗಿಯಾದ ಉತ್ತರ ಕೊಡಲಾರದು. ಜಾತಿಗಳು ಕೂಡಿದಷ್ಟೂ ಗಡಿ ಕಿರಿದಾಗುತ್ತದೆ. ಇಂಥ ಹುಟ್ಟು-ಅಳಿವುಗಳ ಆಧಾರದ ಮೇಲೆ ಭೂ ಇತಿಹಾಸದ ಕೋಟ್ಯಂತರ ವರ್ಷಗಳನ್ನು ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ಅಂಕಿತವನ್ನಿಟ್ಟಿದ್ದಾರೆ.

ಆದರೆ ಚಿಪ್ಪು ತಾನಾಗಿ ಹೇಳುವುದು ಹಿಂದು-ಮುಂದಿನ ಕ್ರಮವನ್ನು ಮಾತ್ರ. ಅದಕ್ಕೆ ವರ್ಷಗಳ ಲೆಕ್ಕ ಬೇರೆ ಮೂಲಗಳಿಂದ ಬರಬೇಕು. ಪದರಗಳ ನಡುವೆ ಬಿದ್ದ ಜ್ವಾಲಾಮುಖಿ ಬೂದಿಯ ವಿಕಿರಣಶೀಲ ಧಾತುಗಳು ಒಂದು ಮೂಲ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾದ ಗುರುತು ಮತ್ತೊಂದು. ಕೊನೆಯ ಸಲ ಹೀಗಾದದ್ದು ಸುಮಾರು 7.7 ಲಕ್ಷ ವರ್ಷಗಳ ಹಿಂದೆ. ಭೂಮಿಯ ಕಕ್ಷೆಯ ನಿಯತ ಏರುಪೇರುಗಳು ಮೂರನೆಯದು. ಇವು ಮೂರೂ ಒಪ್ಪಿದಾಗ ತಾಳೆಪಟ್ಟಿ ಸರಿಹೊಂದಿದಂತೆ.

ತೈಲಬಾವಿಯ ದಾರಿದೀಪ

ಈ ವಿದ್ಯೆ ವಿದ್ವಾಂಸರ ಕೊಠಡಿಯಿಂದ ಹೊರಬಂದದ್ದು ತೈಲದ ದೆಸೆಯಿಂದ. 1921ರಲ್ಲಿ ಅಮೆರಿಕದ ಭೂವಿಜ್ಞಾನಿಗಳ ಸಭೆಯಲ್ಲಿ ಎಸ್ತರ್ ಆಪ್ಲಿನ್ ಎಂಬ ಮಹಿಳೆ, ತೈಲಬಾವಿಗಳ ಶಿಲೆಗಳ ಕಾಲವನ್ನು ಫೊರಾಮಿನಿಫೆರಗಳಿಂದ ನಿರ್ಣಯಿಸಬಹುದೆಂದು ಪ್ರತಿಪಾದಿಸಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಅದನ್ನು ಗೇಲಿಮಾಡಿದರು. ಆಪ್ಲಿನ್, ಆಲ್ವಾ ಎಲಿಸರ್ ಮತ್ತು ಹೆಡ್ವಿಗ್ ನಿಕರ್ ಈ ಮೂವರು ಮಹಿಳೆಯರು ಟೆಕ್ಸಾಸ್ ಹಾಗೂ ಲೂಸಿಯಾನ ತೀರದ ಬಾವಿಗಳ ಪದರಗಳನ್ನು ಹೊಂದಿಸಿ 1925ರಲ್ಲಿ ಪ್ರಕಟಿಸಿದ ಪ್ರಬಂಧ ಆ ಗೇಲಿಗೆ ಉತ್ತರವಾಯಿತು.

ಅವರ ತರ್ಕ ಸರಳವಾಗಿತ್ತು. ಕೊರೆಯುವ ಹಲ್ಲು ಕಲ್ಲನ್ನು ಕಾಳುಕಾಳಾಗಿ ಪುಡಿಮಾಡುತ್ತದೆ. ಶಂಖವಾಗಲಿ ಎಲುಬಾಗಲಿ ಅದಕ್ಕೆ ಸಿಕ್ಕಿ ಉಳಿಯುವುದಿಲ್ಲ. ಕಲ್ಲಿನ ಚೂರಿಗಿಂತಲೂ ಚಿಕ್ಕದಾದ ಚಿಪ್ಪು ಮಾತ್ರ ಇಡಿಯಾಗಿ ಮೇಲೆ ಬರುತ್ತದೆ. ತೈಲವಿರುವ ಪದರದ ಮೇಲೆ ಯಾವ ವಲಯದ ಚಿಪ್ಪುಗಳಿವೆ ಎಂಬುದು ಒಂದು ಬಾವಿಯಲ್ಲಿ ತಿಳಿದರೆ, ಪಕ್ಕದ ಬಾವಿಯಲ್ಲಿ ಆ ಚಿಪ್ಪುಗಳು ಕಂಡಾಗ ಗುರಿ ಹತ್ತಿರವಾಯಿತೆಂದು ತಿಳಿಯಬಹುದು. ಅದನ್ನು ದಾಟಿದ್ದರೆ ಕೊರೆಯುವುದನ್ನು ನಿಲ್ಲಿಸಬಹುದು. ಕಡಲಿನಲ್ಲಿ ಕೊರೆಯುವ ಒಂದೊಂದು ದಿನದ ವೆಚ್ಚವೂ ಅಪಾರವಾದುದರಿಂದ, ತಟ್ಟೆಯ ಮೇಲಿನ ಆ ಪುಡಿಯ ಬೆಲೆಯನ್ನು ಓದುಗರೇ ಊಹಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಬಾವಿಯ ಮೇಲ್ಭಾಗದ ಗೋಡೆ ಕುಸಿದು ಹೊಸ ಕಾಲದ ಚಿಪ್ಪುಗಳು ಕೆಳಗಿನ ಚೂರುಗಳೊಡನೆ ಬೆರೆಯುವುದುಂಟು. ಆದುದರಿಂದ ಬಾವಿಯಲ್ಲಿ ಒಂದು ಜಾತಿ ಮೊದಲು ಹುಟ್ಟಿದ ಆಳವನ್ನು ನಂಬುವುದು ಕಷ್ಟ. ಮೇಲಿನಿಂದ ಇಳಿಯುವಾಗ ಅದು ಮೊದಲ ಸಲ ಕಾಣಿಸಿದ ಆಳ, ಅಂದರೆ ಅದು ಲೋಕದಿಂದ ಅಳಿದ ಕಾಲದ ಗುರುತು, ಹೆಚ್ಚು ನೆಚ್ಚತಕ್ಕದ್ದು.

ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಹಳೆಯ ಪದರಗಳು ಕೊಚ್ಚಿಹೋಗಿ ಹೊಸ ಮಡ್ಡಿಯಲ್ಲಿ ಸೇರಿದಾಗ ಹಿಂದಿನ ಯುಗದ ಚಿಪ್ಪುಗಳು ಮುಂದಿನ ಯುಗದ ಪುಟದಲ್ಲಿ ನಮೂದಾಗುತ್ತವೆ. ಸವೆದ ಅಂಚು ಮತ್ತು ಬೇರೆಯಾದ ಬಣ್ಣಗಳಿಂದ ಇವನ್ನು ಪತ್ತೆಹಚ್ಚಬೇಕಾಗುತ್ತದೆ. ಇನ್ನು ಸಾಗರದಲ್ಲಿ ಸುಮಾರು 4,000ದಿಂದ 5,000 ಮೀಟರು ಆಳಕ್ಕಿಂತ ಕೆಳಗೆ ಸುಣ್ಣದ ಚಿಪ್ಪು ಬಿದ್ದಷ್ಟೂ ಕರಗಿಹೋಗುತ್ತದೆ. ಅಲ್ಲಿಯ ಮಡ್ಡಿಯಲ್ಲಿ ಫೊರಾಮಿನಿಫೆರ ಇಲ್ಲವೆಂದರೆ ಮೇಲಿನ ನೀರಿನಲ್ಲಿ ಅವು ಬಾಳಿರಲಿಲ್ಲವೆಂದು ಅರ್ಥವಲ್ಲ. ಅಂಥ ಕಡೆ ಸಿಲಿಕಾ ಕವಚದ ರೇಡಿಯೋಲೇರಿಯಗಳೇ ಸಾಕ್ಷಿ ನುಡಿಯಬೇಕು. ಮೇಲೆ ಹೇಳಿದ ಗುಲಾಬಿ ಚಿಪ್ಪಿನ ಜೀವಿ ಅಟ್ಲಾಂಟಿಕ್ ಸಾಗರದಲ್ಲಿ ಇಂದಿಗೂ ಬದುಕಿದೆ. ಹಾಗಾಗಿ ಅರಬ್ಬೀ ಸಮುದ್ರದ ಲೆಕ್ಕವನ್ನು ಅಲ್ಲಿಗೆ ಅನ್ವಯಿಸುವಂತಿಲ್ಲ.

ಎಲ್ಲ ಶಿಲೆಗಳಿಗೂ ಈ ಗಡಿಯಾರ ಸಲ್ಲುವುದಿಲ್ಲ. ಕರ್ನಾಟಕದ ನೆಲದ ಬಹುಭಾಗವನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಚಿಪ್ಪುಗಳನ್ನು ಕಟ್ಟುವ ಜೀವಿಗಳು ಹುಟ್ಟುವುದಕ್ಕೆ ಬಹಳ ಹಿಂದಿನ ಆ ಶಿಲೆಯಲ್ಲಿ ಅವನ್ನು ಹುಡುಕುವುದು ವ್ಯರ್ಥ. ಆದರೆ ಅದೇ ದಕ್ಷಿಣ ಭಾರತದಲ್ಲಿ, ತಿರುಚಿರಾಪಳ್ಳಿಯ ಬಳಿಯ ಅರಿಯಲೂರು ಪ್ರದೇಶದಲ್ಲಿ, ಕ್ರಿಟೇಷಸ್ ಯುಗದ ಕಡಲು ನೆಲವನ್ನು ಮುಚ್ಚಿ ಹಿಂದೆ ಸರಿದ ಪದರಗಳಿವೆ. ಅಲ್ಲಿ ಈ ವಿದ್ಯೆಗೆ ಬೇಕಾದಷ್ಟು ಕೆಲಸವಿದೆ.

ಚಿಪ್ಪು ಹೇಳುವ ಹವಾಮಾನ

ವಯಸ್ಸಿನಷ್ಟೇ ಮಹತ್ತ್ವದ್ದು ಪರಿಸರದ ಸುದ್ದಿ. ದಡದ ಬಳಿ ತಳವಾಸಿ ಫೊರಾಮಿನಿಫೆರಗಳು ಹೆಚ್ಚು, ತೇಲುವವು ಕಡಿಮೆ. ದಡದಿಂದ ದೂರ ಸರಿದು ನೀರು ಆಳವಾದಂತೆಲ್ಲ ತೇಲುವವುಗಳ ಪ್ರಮಾಣ ಏರುತ್ತದೆ. ಆದುದರಿಂದ ಎರಡನ್ನೂ ಎಣಿಸಿದರೆ ಪುರಾತನ ಕಡಲಿನ ಆಳ ಅಂದಾಜಿಗೆ ಸಿಗುತ್ತದೆ. ಕೆಲವು ಜಾತಿಗಳು ತಣ್ಣೀರನ್ನೇ ಬಯಸಿದರೆ ಮತ್ತೆ ಕೆಲವು ಬೆಚ್ಚನೆಯ ನೀರನ್ನೇ ಅರಸುತ್ತವೆ. ಒಂದು ಪ್ರಸಿದ್ಧ ಫೊರಾಮಿನಿಫೆರ ತಣ್ಣೀರಿನಲ್ಲಿ ಎಡಸುರುಳಿಯಾಗಿಯೂ ಬೆಚ್ಚನೆಯ ನೀರಿನಲ್ಲಿ ಬಲಸುರುಳಿಯಾಗಿಯೂ ಬೆಳೆಯುವುದೆಂದು ಹಿಂದೆ ಬರೆಯುತ್ತಿದ್ದರು. ಅವೆರಡು ಬೇರೆಬೇರೆ ಜಾತಿಗಳೆಂದು ಈಗ ತಿಳಿದಿದೆ. ಆದರೂ ನೀರಿನ ತಾಪವನ್ನು ತಿಳಿಯುವುದಕ್ಕೆ ಅವುಗಳ ಉಪಯೋಗ ಕುಗ್ಗಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ದಾಖಲೆ ಚಿಪ್ಪಿನ ದ್ರವ್ಯದಲ್ಲಿಯೇ ಇದೆ. ಆಮ್ಲಜನಕದಲ್ಲಿ 16 ತೂಕದ ಹಗುರ ಪರಮಾಣು ಮತ್ತು 18 ತೂಕದ ಭಾರದ ಪರಮಾಣು ಎಂಬ ಎರಡು ಮುಖ್ಯ ಬಗೆಗಳಿವೆ. ಕಡಲಿನಿಂದ ಆವಿಯಾಗುವಾಗ ಹಗುರ ಬಗೆಯುಳ್ಳ ನೀರು ಸುಲಭವಾಗಿ ಮೇಲೇಳುತ್ತದೆ. ಅದು ಮಳೆಯಾಗಿ ಸುರಿದು ನದಿಯಾಗಿ ಮರಳಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಹಿಮವಾಗಿ ನೆಲದ ಮೇಲೆ ಹೆಪ್ಪುಗಟ್ಟಿ ನಿಂತರೆ ಕಡಲಿನಲ್ಲಿ ಭಾರದ ಬಗೆಯ ಪ್ರಮಾಣ ಹೆಚ್ಚುತ್ತದೆ. ಆ ಕಾಲದ ಚಿಪ್ಪುಗಳಲ್ಲಿಯೂ ಅದು ಹೆಚ್ಚಾಗಿರುತ್ತದೆ. ನೀರು ತಣ್ಣಗಾದಾಗಲೂ ಚಿಪ್ಪಿನಲ್ಲಿ ಭಾರದ ಬಗೆ ಹೆಚ್ಚುವುದರಿಂದ ಎರಡು ಕಾರಣಗಳು ಹೆಣೆದುಕೊಳ್ಳುತ್ತವೆ.

1955ರಲ್ಲಿ ಚೆಸರೆ ಎಮಿಲಿಯಾನಿ ಈ ಏರಿಳಿತವನ್ನು ಬಹುಮಟ್ಟಿಗೆ ತಾಪದ ಏರಿಳಿತವೆಂದೇ ಓದಿದನು. 1967ರಲ್ಲಿ ನಿಕೊಲಾಸ್ ಶ್ಯಾಕಲ್ಟನ್ ತಳವಾಸಿ ಚಿಪ್ಪುಗಳನ್ನೂ ಪರೀಕ್ಷಿಸಿ ಬೇರೆ ತೀರ್ಮಾನಕ್ಕೆ ಬಂದನು. ಆಳ ಸಾಗರದ ನೀರು ಈಗಾಗಲೇ ಹೆಪ್ಪುಗಟ್ಟುವ ಮಟ್ಟಕ್ಕೆ ಹತ್ತಿರವಿದೆ. ಅದು ಇನ್ನೂ ಬಹಳ ತಣ್ಣಗಾಗಲು ಅವಕಾಶವಿಲ್ಲ. ಆದರೂ ಅಲ್ಲಿಯ ಚಿಪ್ಪುಗಳಲ್ಲಿ ಮೇಲಿನವುಗಳಷ್ಟೇ ಏರಿಳಿತ ಕಂಡಿತು. ಆದುದರಿಂದ ಈ ದಾಖಲೆ ಮುಖ್ಯವಾಗಿ ನೆಲದ ಮೇಲೆ ಕೂಡಿದ ಹಿಮದ ಲೆಕ್ಕವೆಂದು ಸಿದ್ಧವಾಯಿತು. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್, ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಮಡ್ಡಿಯ ಸ್ತಂಭಗಳನ್ನು ಅಭ್ಯಸಿಸಿ, ಹಿಮಯುಗಗಳ ಬರುಹೋಗು ಸುಮಾರು 1 ಲಕ್ಷ, 41 ಸಾವಿರ ಮತ್ತು 23 ಸಾವಿರ ವರ್ಷಗಳ ಆವರ್ತಗಳಲ್ಲಿ ನಡೆಯುವುದೆಂದೂ, ಅವು ಭೂಮಿಯ ಕಕ್ಷೆ ಮತ್ತು ಅಕ್ಷದ ಓಲಾಟಗಳಿಗೆ ಹೊಂದುತ್ತವೆಂದೂ ತೋರಿಸಿದರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗದ ಪರಾಕಾಷ್ಠೆಯಲ್ಲಿ, ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಮುಂಬಯಿಯ ಇಂದಿನ ದಡದಿಂದ ಆಗ ಬಹುದೂರ ಪಶ್ಚಿಮಕ್ಕೆ ಒಣನೆಲದ ಮೇಲೆಯೇ ನಡೆಯಬಹುದಾಗಿತ್ತು.

ಒಂದು ಬೆರಳಗಲದ ಜೇಡಿ

ಈ ಸೂಕ್ಷ್ಮಜೀವಿಗಳ ಇತಿಹಾಸದಲ್ಲಿ ಅತ್ಯಂತ ದಾರುಣವಾದ ಪುಟ ಇಟಲಿಯ ಗುಬ್ಬಿಯೊ ಪಟ್ಟಣದ ಬಳಿಯ ಸುಣ್ಣಕಲ್ಲಿನಲ್ಲಿದೆ. ಅಲ್ಲಿ ಕ್ರಿಟೇಷಸ್ ಯುಗದ ಕೊನೆಯ ಪದರಗಳಲ್ಲಿ ದೊಡ್ಡ ದೊಡ್ಡ, ಅಲಂಕೃತವಾದ ತೇಲು ಫೊರಾಮಿನಿಫೆರಗಳು ತುಂಬಿವೆ. ಅನಂತರ ಒಂದು ಸೆಂಟಿಮೀಟರಿನಷ್ಟು ದಪ್ಪದ ಜೇಡಿ. ಅದರ ಮೇಲಿನ ಕಲ್ಲಿನಲ್ಲಿ ಆ ದೊಡ್ಡ ಜಾತಿಗಳು ಒಂದೂ ಇಲ್ಲ. ಅಲ್ಲೊಂದು ಇಲ್ಲೊಂದು ಅತಿ ಚಿಕ್ಕ ಚಿಪ್ಪು ಮಾತ್ರ. ಲುಟರ್‌ಬಾಕರ್ ಮತ್ತು ಪ್ರೆಮೊಲಿ ಸಿಲ್ವಾ 1964ರಲ್ಲಿ ಇದನ್ನು ವರದಿಮಾಡಿದರು. ತೇಲು ಫೊರಾಮಿನಿಫೆರ ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ 6.6 ಕೋಟಿ ವರ್ಷಗಳ ಹಿಂದಿನ ಆ ಗಡಿಯಲ್ಲಿ ಅಳಿದವು.

ಆ ಜೇಡಿ ಕೂಡಲು ಎಷ್ಟು ಕಾಲ ಹಿಡಿಯಿತೆಂದು ತಿಳಿಯಹೊರಟ ವಾಲ್ಟರ್ ಅಲ್ವಾರೆಜ್ ಮತ್ತು ಸಂಗಡಿಗರಿಗೆ ಅದರಲ್ಲಿ ಭೂಮಿಯ ಮೇಲೆ ಅಪರೂಪವಾದ ಇರಿಡಿಯಂ ಧಾತು ಅಸಾಧಾರಣ ಪ್ರಮಾಣದಲ್ಲಿ ದೊರೆಯಿತು. ಆಕಾಶದಿಂದ ಬಿದ್ದ ಬೃಹತ್ ಕ್ಷುದ್ರಗ್ರಹವೇ ಈ ವಿನಾಶಕ್ಕೆ ಕಾರಣವೆಂದು ಅವರು 1980ರಲ್ಲಿ ಪ್ರತಿಪಾದಿಸಿದರು. ಅದು ಬಿದ್ದ ಗುಂಡಿಯನ್ನು 1991ರಲ್ಲಿ ಮೆಕ್ಸಿಕೋದ ಚಿಕ್ಶುಲೂಬ್‌ನಲ್ಲಿ ಗುರುತಿಸಲಾಯಿತು. ಡೈನೋಸಾರುಗಳ ಅಂತ್ಯದ ಕಥೆಗೆ ಕೈಮರವಾದದ್ದು ಡೈನೋಸಾರಿನ ಎಲುಬಲ್ಲ, ಚಿಪ್ಪುಗಳು ಕಣ್ಮರೆಯಾದ ಒಂದು ಬೆರಳಗಲದ ಗಡಿ ಎಂಬುದು ಗಮನಾರ್ಹ.

ಇದೇ ಪ್ರಸಂಗ ನಮ್ಮ ದೇಶಕ್ಕೂ ತಾಗುತ್ತದೆ. ಮುಂಬಯಿ ಮತ್ತು ಪುಣೆಗಳೂ, ಎರಡರ ನಡುವಿನ ಘಟ್ಟಗಳೂ, ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಕಪ್ಪುಶಿಲೆಯೂ ಸುಮಾರು ಅದೇ ಕಾಲದಲ್ಲಿ ಉಕ್ಕಿಹರಿದ ಲಾವಾರಸದಿಂದಾದವು. ಈ ದಖ್ಖಣದ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಹರಡಿದೆ. ಆ ಅಗ್ನಿಪ್ರವಾಹದ ವಿಷಾನಿಲಗಳ ಪಾಲೂ ಈ ವಿನಾಶದಲ್ಲಿದ್ದಿತೆ ಎಂಬುದು ದೀರ್ಘಕಾಲದ ಚರ್ಚೆ. ಉತ್ತರಕ್ಕೆ ಲಾವಾದ ಕಾಲವನ್ನು ವಿನಾಶದ ಕಾಲದೊಡನೆ ಹೊಂದಿಸಬೇಕು. ಆದರೆ ಲಾವಾದಲ್ಲಿ ಚಿಪ್ಪು ಎಲ್ಲಿಂದ ಬರಬೇಕು?

ಅದೃಷ್ಟವಶಾತ್ ಲಾವಾ ಪೂರ್ವ ಕರಾವಳಿಯನ್ನೂ ಮುಟ್ಟಿತ್ತು. ಆಂಧ್ರಪ್ರದೇಶದ ರಾಜಮಹೇಂದ್ರಿಯ ಬಳಿಯ ಕಲ್ಲುಗಣಿಗಳಲ್ಲಿ ಕೆಳಗಿನ ಲಾವಾಕ್ಕೂ ಮೇಲಿನ ಲಾವಾಕ್ಕೂ ನಡುವೆ ಕಡಲಿನ ಮಡ್ಡಿಯ ಪದರಗಳಿವೆ. ಗೆರ್ಟಾ ಕೆಲ್ಲರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದಂತೆ, ಆ ಪದರಗಳಲ್ಲಿ ವಿನಾಶದ ಬೆನ್ನಿಗೇ ತಲೆಯೆತ್ತಿದ ಪುಟ್ಟ ಫೊರಾಮಿನಿಫೆರಗಳಿವೆ. ಅಂದರೆ ಕೆಳಗಿನ ಲಾವಾ ವಿನಾಶದ ಗಡಿಯ ಹೊತ್ತಿಗೆ ಹರಿದು ಮುಗಿದಿತ್ತು, ಮೇಲಿನದು ಅನಂತರ ಬಂದಿತು. ಲಾವಾ ಎಷ್ಟು ವೇಗದಿಂದ ಹೊಮ್ಮಿತೆಂಬ ವಿಷಯದಲ್ಲಿ, 2019ರಲ್ಲಿ ಎರಡು ಬೇರೆ ವಿಧಾನಗಳಿಂದ ನಡೆಸಿದ ವಯೋಗಣನೆಗಳು ಒಂದೇ ಉತ್ತರವನ್ನು ಕೊಡಲಿಲ್ಲ. ಕ್ಷುದ್ರಗ್ರಹದ ಪಾತ್ರವನ್ನು ಬಹುತೇಕ ವಿಜ್ಞಾನಿಗಳು ಒಪ್ಪಿದ್ದರೂ ಲಾವಾದ ಪಾಲೆಷ್ಟು ಎಂಬ ಲೆಕ್ಕ ಇನ್ನೂ ಮುಗಿದಿಲ್ಲ.

ಮುಂಗಾರಿನ ಇತಿಹಾಸ

ಕೋಟಿ ವರ್ಷಗಳ ಸಂಗತಿ ದೂರದ್ದೆನಿಸಿದರೆ, ಪ್ರತಿ ಜೂನಿನಲ್ಲಿ ಊರಿನ ಹೊಲಗಳೂ ನಗರದ ಕೆರೆ-ಜಲಾಶಯಗಳೂ ಎದುರುನೋಡುವ ಮುಂಗಾರಿನ ಇತಿಹಾಸವನ್ನು ಬರೆದಿಟ್ಟಿರುವುದೂ ಇವೇ ಚಿಪ್ಪುಗಳು. ನೈರುತ್ಯ ಮಾರುತ ಬಲವಾಗಿ ಬೀಸಿದಾಗ ಒಮಾನ್ ಮತ್ತು ಸೊಮಾಲಿಯ ತೀರಗಳಲ್ಲಿ ಮೇಲ್ಮೈ ನೀರು ಆಚೆಗೆ ತಳ್ಳಲ್ಪಟ್ಟು ಆಳದ ತಣ್ಣನೆಯ, ಪೋಷಕಾಂಶಗಳಿಂದ ಸಮೃದ್ಧವಾದ ನೀರು ಮೇಲೇಳುತ್ತದೆ. ‘ಗ್ಲೋಬಿಜೆರಿನ ಬುಲ್ಲಾಯ್ಡಿಸ್’ ಎಂಬ ಫೊರಾಮಿನಿಫೆರಕ್ಕೆ ಅಂಥ ನೀರೆಂದರೆ ಹಬ್ಬ. ಸಾಮಾನ್ಯವಾಗಿ ತಂಪು ಸಾಗರಗಳ ನಿವಾಸಿಯಾದ ಅದು ಆಗ ಅಲ್ಲಿ ಅಸಂಖ್ಯವಾಗಿ ಬೆಳೆಯುತ್ತದೆ. ಹೀಗಾಗಿ ಮಡ್ಡಿಯ ಪದರದಲ್ಲಿ ಅದರ ಚಿಪ್ಪು ಎಷ್ಟು ಹೆಚ್ಚೋ ಆ ಕಾಲದ ಮುಂಗಾರು ಮಾರುತ ಅಷ್ಟು ಬಲವಾಗಿತ್ತೆಂದು ತಿಳಿಯಬಹುದು.

ಅನಿಲ್ ಕೆ. ಗುಪ್ತಾ, ಡೇವಿಡ್ ಆಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್ ಒಮಾನ್ ತೀರದ ಮಡ್ಡಿಯನ್ನು ಹೀಗೆ ಎಣಿಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆ ಸುಮಾರು 10 ಸಾವಿರ ವರ್ಷಗಳ ಮುಂಗಾರಿನ ಚಿತ್ರವನ್ನು ನೀಡಿತು. ಆ ಅವಧಿಯ ಮೊದಲ ಭಾಗದಲ್ಲಿ ಮಾರುತ ಪ್ರಬಲವಾಗಿತ್ತು. ಅನಂತರ ಕ್ರಮೇಣ ಕುಗ್ಗಿತು. ದೂರದ ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲಗಳಲ್ಲಿ ಇಲ್ಲಿಯ ಮುಂಗಾರು ಬಲಗುಂದಿತ್ತು. ಚಿಪ್ಪು ನೇರವಾಗಿ ಹೇಳುವುದು ಗಾಳಿಯ ಬಲವನ್ನೇ ಹೊರತು ಊರೂರಿನ ಮಳೆಯ ಅಳತೆಯನ್ನಲ್ಲ ಎಂಬುದನ್ನೂ ನೆನಪಿಡಬೇಕು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೇ ಮೊದಲಾದ ಕಡೆಗಳಲ್ಲಿ ಈ ಬಗೆಯ ಅಧ್ಯಯನ ನಡೆಯುತ್ತ ಬಂದಿದೆ.

ಇಂದಿನ ಪುಟ

ಗತಕಾಲದ ಈ ದಾಖಲೆಗಳಲ್ಲಿ ಒಂದು, ಇಂದಿನ ಲೋಕವನ್ನು ನೇರವಾಗಿ ಎಚ್ಚರಿಸುತ್ತದೆ. ಸುಮಾರು 5.6 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೂ ಸಾಗರಕ್ಕೂ ಅಪಾರ ಪ್ರಮಾಣದ ಇಂಗಾಲ ಸೇರಿ ಭೂಮಿಯ ತಾಪ ಸುಮಾರು 5 ಡಿಗ್ರಿ ಸೆಲ್ಸಿಯಸ್ ಏರಿತು. ಕೆನೆಟ್ ಮತ್ತು ಸ್ಟಾಟ್ 1991ರಲ್ಲಿ ಅಂಟಾರ್ಕ್ಟಿಕದ ಬಳಿಯ ಮಡ್ಡಿಯ ಚಿಪ್ಪುಗಳಲ್ಲಿ ಇದನ್ನು ಗುರುತಿಸಿದರು. ಆಳ ಸಾಗರದ ನೀರು ಆಮ್ಲದತ್ತ ವಾಲಿ ಸುಣ್ಣ ಕರಗಿತು. ಅಲ್ಲಿಯ ತಳವಾಸಿ ಫೊರಾಮಿನಿಫೆರ ಜಾತಿಗಳಲ್ಲಿ ನೂರಕ್ಕೆ 30ರಿಂದ 50ರಷ್ಟು ಅಳಿದವು. ಸಾಗರ ಮೊದಲಿನ ಸ್ಥಿತಿಗೆ ಬರಲು ಲಕ್ಷಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಇಂದು ಕಲ್ಲಿದ್ದಲು ಮತ್ತು ತೈಲಗಳನ್ನು ಸುಡುವುದರಿಂದ ಹೊರಡುವ ಇಂಗಾಲಾಮ್ಲದ ಒಂದು ಭಾಗವನ್ನು ಕಡಲು ಹೀರಿಕೊಳ್ಳುತ್ತಿದೆ. ಕೈಗಾರಿಕಾ ಯುಗ ಆರಂಭವಾದಂದಿನಿಂದ ಮೇಲ್ಮೈ ನೀರಿನ ಕ್ಷಾರಗುಣದ ಅಳತೆ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಸಣ್ಣದೆನಿಸಿದರೂ ಈ ಅಳತೆಗೋಲಿನಲ್ಲಿ ಅದು ಆಮ್ಲಾಂಶದ ನೂರಕ್ಕೆ ಸುಮಾರು 30ರಷ್ಟು ಏರಿಕೆಗೆ ಸಮ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಕ್ಷಿಣ ಸಾಗರದಲ್ಲಿ ಈಗ ಬದುಕುತ್ತಿರುವ ಅದೇ ‘ಬುಲ್ಲಾಯ್ಡಿಸ್’ ಜಾತಿಯ ಚಿಪ್ಪುಗಳು, ಅಲ್ಲಿಯ ತಳದಲ್ಲಿರುವ ಕಳೆದ ಕೆಲವು ಸಾವಿರ ವರ್ಷಗಳ ಚಿಪ್ಪುಗಳಿಗಿಂತ ನೂರಕ್ಕೆ 30ರಿಂದ 35ರಷ್ಟು ಹಗುರವಾಗಿವೆ ಎಂದು ತೋರಿಸಿತು.

ತೈಲವನ್ನು ಹುಡುಕಲು ಮಾನವನಿಗೆ ದಾರಿ ತೋರಿದ ಜೀವಿಯೇ, ಆ ತೈಲದ ಹೊಗೆ ಕಡಲಿಗೆ ಮಾಡುತ್ತಿರುವುದೇನೆಂಬುದನ್ನೂ ತನ್ನ ಮೈಮೇಲೆ ಬರೆದು ತೋರಿಸುತ್ತಿದೆ. ತೇಲುವ ಹಸಿರು ಪ್ಲವಕಗಳು ಸಾಗರದ ಆಹಾರ ಸರಪಣಿಯ ಮೊದಲ ಕೊಂಡಿ. ಭೂಮಿಯ ಆಮ್ಲಜನಕದ ದೊಡ್ಡ ಪಾಲು ಅವುಗಳ ಕೊಡುಗೆ. ಮೀನುಗಾರನ ಬಲೆಯೂ, ಕರಾವಳಿಯ ಅಡಿಗೆಮನೆಯೂ ಕೊನೆಗೆ ಅವುಗಳನ್ನೇ ಅವಲಂಬಿಸಿವೆ. ಈ ಶತಮಾನದ ಮಡ್ಡಿ ಈಗಲೂ ಕಡಲ ತಳದಲ್ಲಿ ಪದರವಾಗಿ ಕೂಡುತ್ತಿದೆ. ಅದರಲ್ಲಿ ದಪ್ಪ ಚಿಪ್ಪು ಬೀಳುವುದೋ ತೆಳು ಚಿಪ್ಪು ಬೀಳುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಇಂದಿನ ಮನುಷ್ಯರೇ.